ಕಿರಿಯರ ವಿನಿಮಯ: ಅರ್ಧ ಲೆಕ್ಕದ ವಾದ

ಅಮೆರಿಕದ ಬೇಸ್‌ಬಾಲ್ ತಂಡಗಳು ತಮ್ಮ ಪ್ರಾಸ್ಪೆಕ್ಟ್‌ಗಳನ್ನು, ಎಂದರೆ ಮೈನರ್ ಲೀಗ್‌ಗಳಲ್ಲಿ ಇನ್ನೂ ಪಳಗುತ್ತಿರುವ ಭರವಸೆಯ ಕಿರಿಯರನ್ನು, ಅನುಭವಿಗಳಿಗಾಗಿ ಎಂದಿಗೂ ಬಿಟ್ಟುಕೊಡಬಾರದೆಂದೂ, 1987ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡವು ಅನುಭವಿ ಎಸೆತಗಾರ ಡಾಯ್ಲ್ ಅಲೆಕ್ಸಾಂಡರ್‌ಗಾಗಿ ಕಿರಿಯ ಎಸೆತಗಾರ ಜಾನ್ ಸ್ಮೋಲ್ಟ್ಸ್‌ನನ್ನು ಕಳೆದುಕೊಂಡದ್ದೇ ಅದಕ್ಕೆ ಸಾಕ್ಷಿಯೆಂದೂ ಪ್ರಕಟಿತ ಲೇಖನವೊಂದು ವಾದಿಸಿದೆ.

ಸ್ಮೋಲ್ಟ್ಸ್ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ್ದು ನಿಜ. ಆದರೆ ಅಲೆಕ್ಸಾಂಡರ್ ಆ ಋತುವಿನಲ್ಲಿ ಡೆಟ್ರಾಯಿಟ್ ಪರವಾಗಿ ಒಂದನ್ನೂ ಸೋಲದೆ 9 ಪಂದ್ಯಗಳನ್ನು ಗೆದ್ದುಕೊಟ್ಟದ್ದನ್ನೂ, ತಂಡವು ಕೇವಲ 2 ಪಂದ್ಯಗಳ ಅಂತರದಿಂದ ತನ್ನ ವಿಭಾಗದ ಅಗ್ರಸ್ಥಾನ ಪಡೆದದ್ದನ್ನೂ ಲೇಖನ ಹೇಳುವುದೇ ಇಲ್ಲ.

ಇದಕ್ಕಿಂತ ದೊಡ್ಡ ದೋಷ ಉದಾಹರಣೆಗಳ ಆಯ್ಕೆಯಲ್ಲಿದೆ. ಖ್ಯಾತರಾದವರನ್ನಷ್ಟೇ ಎಣಿಸಿ, ಗಾಯದಿಂದಲೋ ಮೇಲಿನ ಹಂತದ ಎಸೆತಗಳನ್ನು ಎದುರಿಸಲಾಗದೆಯೋ ಹಿಂದುಳಿದ ಬಹುಸಂಖ್ಯಾತರನ್ನು ಕೈಬಿಟ್ಟರೆ, ಪ್ರತಿ ವಿನಿಮಯವೂ ನಷ್ಟವಾಗಿಯೇ ಕಾಣುತ್ತದೆ. 2016ರಲ್ಲಿ ಶಿಕಾಗೊ ಕಬ್ಸ್ ತಂಡವು ಗ್ಲೇಬರ್ ಟೊರೆಸ್ ಸೇರಿದಂತೆ ನಾಲ್ವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟು ವೇಗದ ಎಸೆತಗಾರ ಅರೋಲ್ಡಿಸ್ ಚಾಪ್ಮನ್‌ನನ್ನು ಪಡೆಯಿತು. ಟೊರೆಸ್ ಮುಂದೆ ಆಲ್-ಸ್ಟಾರ್ ಆಟಗಾರನಾದರೂ, ಕಬ್ಸ್ ಅದೇ ವರ್ಷ 108 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು. ಅದನ್ನು ತಪ್ಪು ವ್ಯವಹಾರವೆನ್ನಲು ಬಹಳ ಧೈರ್ಯವೇ ಬೇಕು.

ಕಿರಿಯ ಆಟಗಾರನ ಮೇಲೆ ತಂಡಕ್ಕೆ ಮೇಜರ್ ಲೀಗ್‌ನಲ್ಲಿ ಸುಮಾರು 6 ವರ್ಷಗಳ ಹಕ್ಕು ದೊರೆಯುತ್ತದೆಂಬ ಲೇಖನದ ಅಂಶ ತೂಕದ್ದೇ; ಆದರೆ ಅದು ಆತನ ಬೆಲೆಯನ್ನು ಹೆಚ್ಚಿಸುತ್ತದೆಯೇ ಹೊರತು ಆತನನ್ನು ವಿನಿಮಯಕ್ಕೆ ಅತೀತನನ್ನಾಗಿಸುವುದಿಲ್ಲ. ಪ್ರಶಸ್ತಿಗೆ ಹತ್ತಿರವಿರುವ ತಂಡಕ್ಕೂ ಕಟ್ಟಿಕೊಳ್ಳುತ್ತಿರುವ ತಂಡಕ್ಕೂ ಒಂದೇ ನಿಯಮ ವಿಧಿಸುವ ಈ ವಾದವನ್ನು ಒಪ್ಪಲಾಗದು.