ತಣ್ಣೀರಿಗೆ ಸೂರ್ಯನು ಹೊಣೆಯಲ್ಲ

ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮಳೆ ತಪ್ಪುವುದುಂಟು, ಬೆಳೆ ತಪ್ಪುವುದುಂಟು. ಬಿಸಿಲು ತಪ್ಪಿದುದನ್ನು ಕಂಡವರು ವಿರಳ. ಹೀಗಿದ್ದೂ ಎಷ್ಟೋ ಮಾಳಿಗೆಗಳ ಮೇಲೆ ಸೌರ ಜಲತಾಪಕಗಳು, ಎಂದರೆ ಜನರು ಸೋಲಾರ್ ಎಂದು ಕರೆಯುವ ಯಂತ್ರಗಳು, ನಡುಹಗಲ ಬಿಸಿಲಿನಲ್ಲಿ ನಿಂತುಕೊಂಡೇ ಕೆಳಗಿನ ಬಚ್ಚಲಿಗೆ ತಣ್ಣೀರನ್ನು ಕಳಿಸುತ್ತಿವೆ. ಮನೆಯ ಯಜಮಾನನನ್ನು ಕೇಳಿದರೆ, "ಅದು ನಮ್ಮ ಹವೆಗೆ ಒಗ್ಗುವುದಿಲ್ಲ" ಎನ್ನುವನು. ಮಾರಿದವನನ್ನು ಕೇಳಿದರೆ, "ಹಳೆಯದಾಯಿತು, ಹೊಸದನ್ನು ಕೊಳ್ಳಿರಿ" ಎನ್ನುವನು. ಈ ಎರಡು ಉತ್ತರಗಳೂ ಯಂತ್ರವನ್ನು ಮುಟ್ಟಿ ನೋಡದೆ ಕೊಟ್ಟ ಉತ್ತರಗಳು. ಇವನ್ನು ನಾವು ಇನ್ನು ಮುಂದೆ ಒಪ್ಪಬಾರದೆಂಬುದು ನನ್ನ ವಾದ.

ಇದು ಬರಿಯ ಸುಖದ ಪ್ರಶ್ನೆಯಲ್ಲ. ತಾಪಕವು ತಣ್ಣಗಾದ ಮನೆಯಲ್ಲಿ ಬಚ್ಚಲೊಲೆಯು ಮರಳಿ ಹೊತ್ತುತ್ತದೆ. ತೊಗರಿಕಟ್ಟಿಗೆಯನ್ನೂ ಕುಳ್ಳನ್ನೂ ಹೊತ್ತು ತರುವವರು, ನಸುಕಿನಲ್ಲೆದ್ದು ಹೊಗೆಗೆ ಕಣ್ಣೊಡ್ಡುವವರು ನಮ್ಮ ಹೆಣ್ಣುಮಕ್ಕಳು. ಯಂತ್ರವನ್ನು ಕೊಂಡ ಹೆಮ್ಮೆ ಗಂಡಸಿನದು. ಅದು ಕೆಟ್ಟಾಗ ದಂಡ ತೆರುವವಳು ಹೆಂಗಸು. ವಸತಿಗೃಹಗಳಲ್ಲಾದರೆ ಆ ದಂಡವನ್ನು ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ನಡುಗುತ್ತ ಮೀಯುವ ಮಕ್ಕಳು ತೆರುತ್ತಾರೆ.

ಈ ಯಂತ್ರದಲ್ಲಿ ಸಾಮಾನ್ಯವಾಗಿ ಮೋಟಾರು ಇರುವುದಿಲ್ಲ. ಒಂದು ಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 998 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 983 ಗ್ರಾಂ ತೂಗುತ್ತದೆ. ಈ 15 ಗ್ರಾಮಿನ ಅಂತರವೇ ಕಾದ ನೀರನ್ನು ಮೇಲಿನ ತೊಟ್ಟಿಗೆ ಏರಿಸಿ ತಣ್ಣೀರನ್ನು ಕೆಳಕ್ಕಿಳಿಸುವ ಶಕ್ತಿ. ಇಷ್ಟು ನವುರಾದ ಬಲದಿಂದ ನಡೆಯುವ ಕೆಲಸವನ್ನು ಒಂದು ಬೊಗಸೆ ಗಾಳಿಯಾಗಲಿ, ಸುಣ್ಣದ ಪೊರೆಯಾಗಲಿ ನಿಲ್ಲಿಸಬಲ್ಲದು.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀರು ಕಾಯ್ದಿಲ್ಲವೋ, ಕಾಯ್ದ ನೀರು ಬರುತ್ತಿಲ್ಲವೋ? ಬಿಸಿಲಿದ್ದ ದಿನ ಸಂಜೆ ಬಿಸಿನೀರಿನ ನಳವನ್ನು ಬಿಟ್ಟು, ತೊಟ್ಟಿಯಿಂದ ಹೊರಡುವ ಕೊಳವೆಯನ್ನು ಎಚ್ಚರದಿಂದ ಮುಟ್ಟಿ ನೋಡಿರಿ. ಅಲ್ಲಿ ಬಿಸಿಯಿದ್ದು ಬಚ್ಚಲಿನಲ್ಲಿ ತಣ್ಣಗಿದ್ದರೆ ತಾಪಕವು ನಿರಪರಾಧಿ, ದೋಷವು ಕೊಳವೆಯಲ್ಲಿದೆ. ಬಿಸಿನೀರೂ ತಣ್ಣೀರೂ ಕೂಡುವ ಮಿಕ್ಸರ್ ನಳದಲ್ಲಿ ಎರಡರ ಬಾಯಿಯನ್ನೂ ತೆರೆದಿಟ್ಟು ಮುಂದಿನ ಶವರನ್ನು ಮಾತ್ರ ಮುಚ್ಚಿದರೆ ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗುವುದುಂಟು. ಎಷ್ಟೋ ಕಡೆ ಕಳ್ಳನು ಅಲ್ಲಿಯೇ ಅಡಗಿರುತ್ತಾನೆ.

ನೀರೇ ಬಾರದಿದ್ದರೆ, ಇಲ್ಲವೆ ಸಣ್ಣಗೆ ತೊಟ್ಟಿಕ್ಕುತ್ತಿದ್ದರೆ, ಗಾಳಿ ಹಿಡಿದಿದೆಯೇ ಎಂದು ನೋಡಬೇಕು. ನಮ್ಮ ಭಾಗದಲ್ಲಿ ನಳದ ನೀರು ದಿನಂಪ್ರತಿ ಬರುವ ಊರುಗಳು ಕಡಿಮೆ. ತಣ್ಣೀರಿನ ಟಾಕಿ ಬರಿದಾದಾಗ ಕೊಳವೆಯೊಳಗೆ ಗಾಳಿ ಸೇರುತ್ತದೆ. ಕೊಳವೆಯು ಒಂಟೆಯ ಡುಬ್ಬದಂತೆ ಎಲ್ಲಿ ಮೇಲೆದ್ದಿದೆಯೋ ಅಲ್ಲಿ ಅದು ಠಾಣೆ ಹೂಡುತ್ತದೆ. ಗಾಳಿ ಹೋಗಲೆಂದು ನಿಲ್ಲಿಸಿದ ಕೊಳವೆಯ ಬಾಯಿ ತೆರೆದಿದೆಯೇ, ಅದು ತಣ್ಣೀರಿನ ಟಾಕಿಯ ನೀರಿನ ಮಟ್ಟಕ್ಕಿಂತ ಎತ್ತರವಾಗಿದೆಯೇ, ಆ ಟಾಕಿಯ ತಳವು ಸೌರ ತೊಟ್ಟಿಗಿಂತ ಮೇಲಿದೆಯೇ ಎಂದು ನೋಡಬೇಕು. ನೀರು ಸೋರುತ್ತದೆಂದು ಆ ಬಾಯಿಗೆ ಬಿರಡೆ ಜಡಿಯುವ ಜಾಣರುಂಟು. ಅವರು ಯಂತ್ರದ ಉಸಿರನ್ನೇ ಕಟ್ಟುತ್ತಾರೆ.

ತೊಟ್ಟಿಯ ನೀರೇ ಕಾಯದಿದ್ದರೆ ಕಾರಣಗಳು ಬೇರೆ. ಗಾಜಿನ ನಳಿಗೆಗಳ ಮೇಲೆ ಧೂಳು ಕೂತಿರಬಹುದು. ಪಕ್ಕದಲ್ಲೆದ್ದ ಗೋಡೆಯ ನೆರಳು ಬೀಳುತ್ತಿರಬಹುದು. ನಳಿಗೆಯ ಎರಡು ಗಾಜುಗಳ ನಡುವೆ ಇರಬೇಕಾದ ನಿರ್ವಾತವು ಕೆಟ್ಟಿರಬಹುದು. ಹಾಗಾದಾಗ ತುದಿಯಲ್ಲಿರುವ ಬೆಳ್ಳಿಯ ಹೊಳಪು ಹಾಲಿನಂತೆ ಬಿಳುಪಾಗುತ್ತದೆ, ಬಾಲಕನೂ ಗುರುತಿಸಬಹುದು. ಇನ್ನುಳಿದುದು ಬೋರಿನ ಸವಳು ನೀರು. ಅದು ಕಾದಂತೆ ಅದರೊಳಗಿನ ಸುಣ್ಣವು ಬೇರ್ಪಟ್ಟು ಪೊರೆಗಟ್ಟುತ್ತದೆ. ಚಹದ ಪಾತ್ರೆಯ ತಳದಲ್ಲಿ ಕಾಣುವ ಬಿಳಿಯ ಕರೆಯೇ ಇದು. ಇದನ್ನು ತೆಗೆಯಲು ಆಮ್ಲ ಬೇಕಾಗುವುದರಿಂದ ಆ ಕೆಲಸ ಬಲ್ಲವರಿಗೇ ಬಿಡತಕ್ಕದ್ದು. ಕಾಯ್ದ ಬರಿದಾದ ನಳಿಗೆಗೆ ನಡುಹಗಲು ತಣ್ಣೀರು ತುಂಬಿದರೆ ಗಾಜು ಸೀಳುವುದೆಂಬುದನ್ನೂ ನೆನಪಿಡಬೇಕು.

ಹೀಗೆ ಕೈಯಿಂದ ಮುಟ್ಟಿ ದೋಷವನ್ನು ಹುಡುಕುವ ಪದ್ಧತಿಯು ನಾನು ಕಟ್ಟಿದ್ದಲ್ಲ. ಚಳಿಯ ದೇಶಗಳಲ್ಲಿ ಮನೆಯನ್ನೇ ಕಾಯಿಸುವ ರೇಡಿಯೇಟರುಗಳುಂಟು. ಇಂಗ್ಲೆಂಡಿನಲ್ಲಿ ನೆಲಸಿದ ನಮ್ಮ ಕನ್ನಡ ಕುಟುಂಬಗಳು ಅವನ್ನು ಬಲ್ಲವು. ಅಲ್ಲಿಯೂ ಕೊಳವೆಗಳಲ್ಲಿ ಬಿಸಿನೀರು ಸುತ್ತುತ್ತದೆ, ಅಲ್ಲಿಯೂ ಕೆಲವು ತಣ್ಣಗೆ ಉಳಿಯುತ್ತವೆ. ಮೇಲ್ಭಾಗ ತಣ್ಣಗಿದ್ದರೆ ಗಾಳಿ ಸಿಕ್ಕಿದೆ ಎಂದು ತಿಳಿದು, ಯಂತ್ರವನ್ನು ನಿಲ್ಲಿಸಿ, ಸಣ್ಣ ಕೀಲಿಯಿಂದ ಗಾಳಿಯನ್ನು ಬಿಡುತ್ತಾರೆ. ಕೆಳಭಾಗ ತಣ್ಣಗಿದ್ದರೆ ತುಕ್ಕಿನ ಕರಿಯ ಕೆಸರು ಕೂತಿದೆ ಎಂದು ತೊಳೆಯುತ್ತಾರೆ. ದೂರದ ಕೋಣೆಯದು ಮಾತ್ರ ತಣ್ಣಗಿದ್ದರೆ ಹತ್ತಿರದವು ನೀರನ್ನೆಲ್ಲ ಕಬಳಿಸುತ್ತಿವೆ ಎಂದು ಅವುಗಳ ಬಾಯಿಯನ್ನು ಕಿರಿದು ಮಾಡುತ್ತಾರೆ. ಕಾಲುವೆಯ ತಲೆಯಲ್ಲಿದ್ದವನು ನೀರನ್ನೆಲ್ಲ ಹರಿಸಿಕೊಂಡರೆ ತುದಿಯ ಹೊಲ ಒಣಗುವುದನ್ನು ಕಂಡ ನಮಗೆ ಇದು ಹೊಸ ಮಾತೇ?

"ಇದೆಲ್ಲ ಮಿಸ್ತ್ರಿಯ ಕೆಲಸ, ನಮಗೇಕೆ?" ಎಂದು ಕೇಳುವವರಿದ್ದಾರೆ. ಪಾನಾ ತಿರುಗಿಸುವುದು ಮಿಸ್ತ್ರಿಯ ಕೆಲಸವಾಗಲಿ. ಏನು ಕೆಟ್ಟಿದೆಯೆಂದು ಕೇಳುವುದು ಮನೆಯವರ ಕೆಲಸ. ಕೇಳಬಲ್ಲವನಿಗೆ ಬಿರಡೆ ತೆಗೆಯುವ ಕೂಲಿ ಸಾಕಾಗುತ್ತದೆ. ಕೇಳಲರಿಯದವನು ಹೊಸ ಯಂತ್ರದ ಬೆಲೆಯನ್ನು ತೆರುತ್ತಾನೆ. ಮೇಲಾಗಿ ಈ ವಿದ್ಯೆ ಊರಿಗೆ ಹೊಸದಲ್ಲ. ಚಪಳಗಾಂವದ ರೈತನು ಡೀಜಲ್ ಇಂಜಿನ್ನಿಗೆ ಗಾಳಿ ಹಿಡಿದರೆ ಬೋಲ್ಟನ್ನು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಎಣ್ಣೆಯನ್ನು ಹೊರಬಿಟ್ಟು ಮತ್ತೆ ಬಿಗಿಯುತ್ತಾನೆ. ಆಗ ಅವನು ಇಂಜಿನ್ನು ನಮ್ಮ ಹವೆಗೆ ಒಗ್ಗುವುದಿಲ್ಲ ಎನ್ನುವುದಿಲ್ಲ. ಹೊಲದಲ್ಲಿರುವ ಬುದ್ಧಿಯು ಮಾಳಿಗೆಯನ್ನು ಏರದಿರುವುದೇಕೆ?

ಸರಕಾರದ ಲೆಕ್ಕವೂ ಇದನ್ನು ಕೇಳಲಿಲ್ಲ. 2010ರ ಜನವರಿಯಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಸೌರ ಮಿಷನ್ 2022ರ ಹೊತ್ತಿಗೆ 2 ಕೋಟಿ ಚದರ ಮೀಟರ್ ಸೌರತಾಪಕ ಫಲಕಗಳ ಗುರಿಯನ್ನು ಸಾರಿತ್ತು. ಗುರಿಯನ್ನು ಚದರ ಮೀಟರುಗಳಲ್ಲಿ ಹೇಳಿದರು, ಬಚ್ಚಲಿಗೆ ಬಂದ ಬಿಸಿನೀರಿನ ಕೊಡಗಳಲ್ಲಿ ಹೇಳಲಿಲ್ಲ. ದಾನಿಗಳ ರೀತಿಯೂ ಇದೇ. ಯಂತ್ರದ ಮೇಲೆ ಹೆಸರು ಬರೆಯಿಸುವ ಉತ್ಸಾಹವು ವರ್ಷಕ್ಕೊಮ್ಮೆ ಅದನ್ನು ತೊಳೆಯಿಸುವುದರಲ್ಲಿ ಕಾಣದು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನ ನೆಲ ನಮ್ಮದು. ಕೆರೆಯ ಹೂಳನ್ನು ತೆಗೆಯದಿದ್ದರೆ ಕೆರೆ ಉಳಿಯದೆಂಬುದನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಶಾಲೆ ಮತ್ತು ನಮ್ಮ ಭಾಷೆಯ ಮಾತು. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚಿಸುತ್ತದೆ. ವಹನ, ಸಂವಹನ, ವಿಕಿರಣ ಎಂಬ ಮೂರು ಶಬ್ದಗಳನ್ನು ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಆ ಸಂವಹನವೇ ಮಾಳಿಗೆಯ ಮೇಲೆ ನಿಂತುಹೋಗಿದೆ ಎಂದು ಅವರಿಗೆ ಹೇಳುವವರಿಲ್ಲ. ಯಂತ್ರದೊಡನೆ ಬರುವ ಕೈಪಿಡಿಯು ಬಹುಮಟ್ಟಿಗೆ ಇಂಗ್ಲಿಷಿನದು. ಅದನ್ನು ಓದಲಾರದ ತಾಯಿಗೆ ಅದು ಇದ್ದೂ ಇಲ್ಲದಂತೆ. ಗಡಿಯಲ್ಲಿ ಕನ್ನಡ ಉಳಿಯಬೇಕೆಂದು ವೇದಿಕೆಗಳಲ್ಲಿ ಗರ್ಜಿಸುವವರಿಗೆ ನಾನು ಕೇಳುವುದಿಷ್ಟೇ: ಮನೆಯ ನೀರು ಏಕೆ ಕಾಯಲಿಲ್ಲವೆಂದು ಹೇಳಲಾಗದ ಭಾಷೆಯನ್ನು ಆ ಮನೆಯವರು ಎಷ್ಟು ದಿನ ಬೇಕೆಂದಾರು?

ಸಂಘದ ಹಿರಿಯರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಈ ಪತ್ರಿಕೆಯ ಒಂದು ಪುಟವನ್ನು ಈ ಕೆಲಸಕ್ಕೆ ಮೀಸಲಿಡಿರಿ. ಮೇಲೆ ಹೇಳಿದ ಪ್ರಶ್ನೆಗಳನ್ನು ದೊಡ್ಡ ಅಕ್ಷರಗಳಲ್ಲಿ, ಸರಳ ಕನ್ನಡದಲ್ಲಿ ಅಚ್ಚಿಸಿ, ತಾಪಕವಿರುವ ಪ್ರತಿ ಮನೆಯ, ಪ್ರತಿ ವಸತಿಗೃಹದ ಬಚ್ಚಲ ಬಾಗಿಲಿಗೆ ಅಂಟಿಸೋಣ. ಶಿಕ್ಷಕ ಬಂಧುಗಳು ಉಷ್ಣದ ಪಾಠದ ದಿನ ಮಕ್ಕಳನ್ನು ಒಂದು ತಾಪಕದ ಬಳಿಗೆ ಕರೆದೊಯ್ಯಲಿ. ಚಳಿಗಾಲ ಬರುವ ಮುನ್ನವೇ ಇದು ಆಗಬೇಕು.