ಪರದೇಶವಾಸಿಯೂ ಸ್ವದೇಶದ ದೂರದರ್ಶನವೂ

ಮನುಷ್ಯನು ಅನ್ನವನ್ನರಸಿ ದೇಶಾಂತರಕ್ಕೆ ಹೋಗುವುದು ಇಂದು ನಿನ್ನೆಯ ಮಾತಲ್ಲ. ಹೋದವನು ಹೊಲಮನೆಗಳನ್ನು ಬಿಡಬಹುದು, ಬಂಧುಬಳಗವನ್ನು ಅಗಲಬಹುದು, ಕಿವಿಯನ್ನು ಮಾತ್ರ ಬಿಟ್ಟು ಹೋಗಲಾರನು. ತಾಯ್ನುಡಿಗೆ ಹೊಂದಿದ ಕಿವಿಯು ಕಡಲನ್ನು ದಾಟಿದ ಮಾತ್ರಕ್ಕೆ ಮತ್ತೊಂದಾಗದು. ಆ ಕಿವಿಗೆ ಹುಟ್ಟುನಾಡಿನ ಸುದ್ದಿಯನ್ನೂ ಹಾಡನ್ನೂ ನಗೆಮಾತನ್ನೂ ಮುಟ್ಟಿಸುವ ಸಾಧನವು ಆಕಾಶದಲ್ಲಿ ಸಿದ್ಧವಾಗಿರುವಾಗ, ಅದನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುವ ಅಧಿಕಾರವು ಅವನಿಗೆ ಉಂಟೋ ಇಲ್ಲವೋ ಎಂಬುದೇ ಪ್ರಶ್ನೆ. ಉಂಟೆಂದು ಬಾಯಲ್ಲಿ ಹೇಳುವವರು ಬಹಳ ಮಂದಿ. ಕಾರ್ಯದಲ್ಲಿ ಅಡ್ಡಗಟ್ಟುವವರು ಅವರಿಗಿಂತಲೂ ಬಹಳ. ಮನೆಯ ಒಡೆಯನು ಗೋಡೆಯನ್ನು ತೋರಿಸುತ್ತಾನೆ. ಆಶ್ರಯವಿತ್ತ ದೇಶದ ಪಂಡಿತನು ಐಕಮತ್ಯವನ್ನು ತೋರಿಸುತ್ತಾನೆ. ಪ್ರಸಾರದ ವ್ಯಾಪಾರಿಯು ಕರಾರುಪತ್ರವನ್ನು ತೋರಿಸುತ್ತಾನೆ. ಈ ಮೂವರ ವಾದಗಳೂ ವಿಚಾರಕ್ಕೆ ನಿಲ್ಲತಕ್ಕವಲ್ಲ.

ಮೊದಲು ಯಂತ್ರದ ಸಂಗತಿಯನ್ನು ತಿಳಿಯಬೇಕು; ಜಗಳದ ಬೇರು ಅಲ್ಲಿಯೇ ಇರುವುದು. ಆರ್ಥರ್ ಸಿ. ಕ್ಲಾರ್ಕನು 1945ರಲ್ಲಿಯೇ ಸೂಚಿಸಿದ ಉಪಾಯದಂತೆ, ಭೂಮಧ್ಯರೇಖೆಯ ಮೇಲ್ಗಡೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯೊಡನೆ ಸಮವಾಗಿ ತಿರುಗುವುದರಿಂದ, ನೆಲದವರ ಕಣ್ಣಿಗೆ ನಿಂತಲ್ಲಿಯೇ ನಿಂತಂತಿರುತ್ತದೆ. ಡಿಶ್ ಆಂಟೆನಾವನ್ನು ಒಮ್ಮೆ ಅದರತ್ತ ತಿರುಗಿಸಿ ಬಿಗಿದರೆ ಸಾಕು. ಆದರೆ ನಡುವೆ ಗೋಡೆಯಾಗಲಿ ಮರವಾಗಲಿ ಅಡ್ಡವಿರಕೂಡದು. ಬೆಂಗಳೂರಿನಲ್ಲಿ ನೇರ ದಕ್ಷಿಣದ ಉಪಗ್ರಹವು ದಿಗಂತದಿಂದ ಸುಮಾರು 75 ಡಿಗ್ರಿ ಮೇಲಕ್ಕೆ, ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುವುದು. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿಯಾದರೋ ಅದು 23 ಡಿಗ್ರಿಯನ್ನೂ ಮುಟ್ಟದು. ಅಲ್ಲಿಯ ಬಹುಮಹಡಿಯ ಮನೆಯಲ್ಲಿ ಬಾಡಿಗೆಗಿರುವವನು ದಕ್ಷಿಣದ ಆಕಾಶ ಕಾಣುವಂತೆ ಕಿಟಕಿಯ ಹೊರಗೆ ಡಿಶ್ಶನ್ನು ಚಾಚಬೇಕು. ಬೇರೆ ದಾರಿ ಬಹಳವಿಲ್ಲ. ಅಂಥವನಿಗೆ, ಅದನ್ನು ಮನೆಯೊಳಗೆ ಒಂದು ಮೂಲೆಯಲ್ಲಿಟ್ಟುಕೊಳ್ಳೆಂದು ಹೇಳುವುದು, ಕೊಡಕ್ಕೆ ಹಗ್ಗ ಕಟ್ಟಿ ನಡುಮನೆಯಲ್ಲಿ ಕುಳಿತು ನೀರು ಸೇದೆಂದು ಹೇಳಿದಂತೆ.

ಈ ಸಂಕಟವು ಕಲ್ಪಿತವಲ್ಲ. ಸ್ಟಾಕ್‌ಹೋಮಿನ ಹೊರವಲಯದ ರಿಂಕೆಬಿ ಎಂಬಲ್ಲಿ ಇರಾಕ್ ಮೂಲದ ದಂಪತಿಗಳು ಮೂವರು ಮಕ್ಕಳೊಡನೆ 1999ರಿಂದ ಬಾಡಿಗೆಗಿದ್ದರು. ಅರಬ್ಬಿ ಮತ್ತು ಪಾರಸಿ ಭಾಷೆಗಳ ಕಾರ್ಯಕ್ರಮಗಳಿಗಾಗಿ ಅವರು ಅಡಿಗೆಮನೆಯ ಕಿಟಕಿಯ ಬಳಿ ಡಿಶ್ಶನ್ನಿಟ್ಟುಕೊಂಡಿದ್ದರು. ಹೊರಗಡೆ ಆಂಟೆನಾ ಕೂಡದೆಂದು ಕರಾರಿನಲ್ಲಿ ಬರೆದಿದೆಯೆಂದು ಒಡೆಯರು ಆಕ್ಷೇಪಿಸಲು, ಒಳಗೆ ಒಂದು ಕಬ್ಬಿಣದ ನಿಲುವನ್ನು ಇರಿಸಿ, ಅದರ ತೋಳನ್ನು ಸಣ್ಣ ಕಿಟಕಿಯಿಂದ ಹೊರಕ್ಕೆ ಚಾಚಿ, ತುದಿಗೆ ಡಿಶ್ಶನ್ನು ಕಟ್ಟಿದರು. ಅದಕ್ಕೂ ಆಕ್ಷೇಪ ಬಂದಿತು. ಬಾಡಿಗೆಯ ನ್ಯಾಯಮಂಡಳಿಯು ಒಕ್ಕಲಿನವರ ಪಕ್ಷವನ್ನು ಹಿಡಿಯಿತು. ಮೇಲಿನ ನ್ಯಾಯಾಲಯವು 2005ರಲ್ಲಿ ಒಡೆಯರ ಪಕ್ಷವನ್ನು ಹಿಡಿಯಿತು. 2006ರಲ್ಲಿ ಆ ಸಂಸಾರವು ಮನೆಯನ್ನು ಬಿಟ್ಟು, ನೂರು ಕಿಲೋಮೀಟರಿಗೂ ಮಿಕ್ಕಿ ದೂರದ ವೆಸ್ಟೆರೋಸ್ ಪಟ್ಟಣಕ್ಕೆ ಹೊರಟುಹೋಯಿತು. ಬಾಡಿಗೆಯನ್ನು ಉಳಿಸಿಕೊಂಡವರಲ್ಲ, ನೆರೆಯವರೊಡನೆ ಕಾದಾಡಿದವರಲ್ಲ. ತಮ್ಮ ಭಾಷೆಯನ್ನು ಕೇಳಬಯಸಿದುದಕ್ಕೆ ದೊರೆತ ದಂಡನೆಯಿದು!

ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2008ನೆಯ ಡಿಸೆಂಬರ್ 16ರಂದು ಈ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಚಿರಸ್ಮರಣೀಯವಾದುದು. ಸುದ್ದಿಯನ್ನು ಪಡೆಯುವ ಸ್ವಾತಂತ್ರ್ಯಕ್ಕೆ ಇದರಿಂದ ಭಂಗವಾಯಿತೆಂದು ನ್ಯಾಯಾಧೀಶರು ಒಮ್ಮತದಿಂದ ಸಾರಿದರು. ರಾಜಕೀಯ ವಾರ್ತೆಗಳಂತೆಯೇ ಬರಿಯ ವಿನೋದವೂ ಈ ಸ್ವಾತಂತ್ರ್ಯದೊಳಗೆ ಸೇರಿದುದೆಂದೂ, ಹುಟ್ಟುನಾಡಿನ ಸಂಸ್ಕೃತಿಯೊಡನೆಯೂ ಭಾಷೆಯೊಡನೆಯೂ ಸಂಬಂಧವನ್ನಿರಿಸಿಕೊಳ್ಳಬಯಸುವ ವಲಸೆಯ ಸಂಸಾರಕ್ಕೆ ಇದು ವಿಶೇಷ ಮಹತ್ತ್ವದ್ದೆಂದೂ, ವೃತ್ತಪತ್ರಿಕೆ ಬಾನುಲಿಗಳು ದೂರದರ್ಶನಕ್ಕೆ ಸಮವಾಗಲಾರವೆಂದೂ ಹೇಳಿದರು. ಕಟ್ಟಡದ ಅಂದದ ಮಾತನ್ನೂ ಅವರು ತೂಗಿ ನೋಡಿ, ಅಂದಕ್ಕೆ ಹೆಸರಾಗದ ಆ ಬಡಾವಣೆಯಲ್ಲಿ ಅದಕ್ಕೆ ಹೆಚ್ಚು ತೂಕವಿಲ್ಲವೆಂದು ಕಂಡರು. ಇದಕ್ಕೂ ಮೊದಲು, 1994ರ ಫೆಬ್ರುವರಿ 9ರಂದು, ಜರ್ಮನಿಯ ಸಂವಿಧಾನ ನ್ಯಾಯಾಲಯವು ಒಬ್ಬ ತುರ್ಕಿ ಬಾಡಿಗೆದಾರನ ಮೊಕದ್ದಮೆಯಲ್ಲಿ, ಒಡೆಯನ ಸ್ವತ್ತಿನ ಹಕ್ಕನ್ನು ತೂಗುವ ತಕ್ಕಡಿಯಲ್ಲಿಯೇ ಪರದೇಶಿಯ ಈ ಹಂಬಲವನ್ನೂ ಇಟ್ಟು ತೂಗತಕ್ಕದ್ದೆಂದು ವಿಧಿಸಿತ್ತು. ಗೋಡೆಯ ವಾದಕ್ಕೆ ಇಷ್ಟು ಉತ್ತರ ಸಾಕು. ಕೆಳಗೆ ಬೀಳುವಂತೆ ಕಟ್ಟಿದ ಡಿಶ್ಶನ್ನು ತೆಗೆಯಿಸುವುದು ನ್ಯಾಯ. ಚೆನ್ನಾಗಿ ಬಿಗಿದುದನ್ನು ಚೆಲುವಿನ ಹೆಸರಿನಲ್ಲಿ ತೆಗೆಯಿಸುವುದು ಅನ್ಯಾಯ. ಒಂದೊಂದು ಕಿಟಕಿಗೂ ಒಂದೊಂದು ಡಿಶ್ ಕಂಡು ಕಣ್ಣು ನೋಯುವ ಒಡೆಯನು ಮಾಳಿಗೆಯ ಮೇಲೆ ಎಲ್ಲರಿಗೂ ಸೇರಿ ಒಂದನ್ನು ನಿಲ್ಲಿಸಿ ಕೊಡಲಿ.

ಇನ್ನು ಎರಡನೆಯ ಪೂರ್ವಪಕ್ಷ. ಸಂಜೆಯಾದೊಡನೆ ಹುಟ್ಟುನಾಡಿನ ವಾಹಿನಿಯ ಮುಂದೆ ಕುಳಿತುಕೊಳ್ಳುವವನು ಆಶ್ರಯದ ದೇಶದ ಭಾಷೆಯನ್ನು ಕಲಿಯುವುದೆಂದು? ಅಲ್ಲಿಯ ಜನದೊಡನೆ ಬೆರೆಯುವುದೆಂದು? ಹೀಗೆ ಕೇಳುವವರ ಸದುದ್ದೇಶವನ್ನು ಸಂಶಯಿಸಬೇಕಾಗಿಲ್ಲ; ಅವರ ತರ್ಕವನ್ನು ಮಾತ್ರ ಸಂಶಯಿಸಬೇಕು. ಒಂದು ಭಾಷೆಯು ಒಳಗೆ ಬರಬೇಕಾದರೆ ಮತ್ತೊಂದನ್ನು ಹೊರಗಟ್ಟಬೇಕೆಂಬುದು ಒಂದೇ ಭಾಷೆಯನ್ನು ಬಲ್ಲವರ ಭ್ರಮೆ. ಸಸಿಯನ್ನು ಕಿತ್ತು ನೆಡುವ ತೋಟಗಾರನು ಬೇರಿನ ಮಣ್ಣನ್ನು ತೊಳೆದು ನೆಡುವುದಿಲ್ಲ. ಆ ಹಿಡಿಮಣ್ಣಿನ ಬಲದಿಂದಲೇ ಅದು ಹೊಸ ನೆಲಕ್ಕೆ ಬೇರಿಳಿಸುವುದು.

ಮೇಲಾಗಿ, ಅನುಭವವು ಈ ಆಕ್ಷೇಪಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. ಆಸು ಅಕ್ಸೊಯ್ ಮತ್ತು ಕೆವಿನ್ ರಾಬಿನ್ಸ್ ಎಂಬ ವಿದ್ವಾಂಸರು ಲಂಡನ್ ನಗರದ ತುರ್ಕಿ ಜನರೊಡನೆ ಮಾತನಾಡಿ ಕಂಡ ತತ್ತ್ವವು ಮನನಯೋಗ್ಯವಾಗಿದೆ. ದೂರದಲ್ಲಿರುವವನ ಮನಸ್ಸಿನಲ್ಲಿ ಹುಟ್ಟುನಾಡು ಅವನು ಬಿಟ್ಟುಬಂದ ದಿನದಲ್ಲಿಯೇ ನಿಂತುಬಿಡುತ್ತದೆ. ಕಾಲ ಕಳೆದಂತೆ ಅದು ಕನಸಾಗುತ್ತದೆ, ಕನಸು ಮೂರ್ತಿಯಾಗುತ್ತದೆ. ನಿತ್ಯದ ದೂರದರ್ಶನವು ಆ ಮೂರ್ತಿಯನ್ನು ಒಡೆಯುತ್ತದೆ. ಅಲ್ಲಿಯ ಮಂತ್ರಿಗಳ ಜಗಳ, ಹಾಳು ಹಾಡು, ಸಪ್ಪೆ ಹಾಸ್ಯ ಇವೆಲ್ಲ ದಿನದಿನವೂ ಕಣ್ಣಿಗೆ ಬೀಳಲು, ಹುಟ್ಟುನಾಡೂ ಒಂದು ಸಾಮಾನ್ಯ ನಾಡೆಂಬ ತಿಳಿವು ಮೂಡುತ್ತದೆ. ಹಳಹಳಿಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಹುಟ್ಟುನಾಡನ್ನು ಕಾಣದವನೇ ಅದರ ಮೋಹದಲ್ಲಿ ಕುರುಡಾಗುವನು, ಪ್ರತಿದಿನವೂ ಕಾಣುವವನಲ್ಲ.

ಪರದೇಶದ ಸರಕಾರಗಳು ತಮ್ಮ ಪ್ರಚಾರವನ್ನು ಹೀಗೆ ತುಂಬಿಬಿಡಬಹುದೆಂಬ ಅಂಜಿಕೆ ಕೆಲವರದು. ಅಂಜಿಕೆಗೆ ಕಾರಣವಿದೆ, ಆದರೆ ಔಷಧವು ಬಾಗಿಲನ್ನು ಮುಚ್ಚುವುದಲ್ಲ, ಹಲವು ಬಾಗಿಲುಗಳನ್ನು ತೆರೆಯುವುದು. ತುರ್ಕಿಯ ಸರಕಾರೀ ಪ್ರಸಾರವು ಹೊರನಾಡಿನವರಿಗಾಗಿ 1990ರಲ್ಲಿ ಒಂದು ವಾಹಿನಿಯನ್ನು ತೆರೆದು, ಅದು ಜರ್ಮನಿಯ ಕೇಬಲ್ಲುಗಳಲ್ಲಿ ಹರಿಯಿತು. ಅದೇ ವರ್ಷ ಒಂದು ಖಾಸಗಿ ವಾಹಿನಿಯು ಜರ್ಮನಿಯಿಂದಲೇ ಉಪಗ್ರಹದ ಮೂಲಕ ತುರ್ಕಿಯ ಮನೆಗಳನ್ನು ಮುಟ್ಟಿ, ಸರಕಾರದ ಏಕಸ್ವಾಮ್ಯವನ್ನು ಅಲ್ಲಾಡಿಸಿತು. 1993ರಲ್ಲಿ ಅಲ್ಲಿಯ ಸಂವಿಧಾನವನ್ನೇ ತಿದ್ದಬೇಕಾಯಿತು. ಕೇಬಲ್ಲಿನಲ್ಲಿ ಒಂದೆರಡು ವಾಹಿನಿಗಳು ಬರುತ್ತಿರುವಾಗ ಡಿಶ್ಶೇಕೆ ಎಂದು ಕೇಳುವವರು ಇದನ್ನು ಗಮನಿಸಬೇಕು. ಆ ಒಂದೆರಡನ್ನು ಆರಿಸುವವನು ಮತ್ತೊಬ್ಬನು. ಡಿಶ್ಶಿನ ಮುಂದೆ ಆರಿಸುವವನು ನೋಡುವವನೇ.

ಮೂರನೆಯದು ಕರಾರಿನ ವಾದ. ಎಲ್ಲಕ್ಕೂ ಕಠಿನವಾದುದು ಇದೇ. ನಾಟಕ, ಆಟಪಂದ್ಯ, ಚಲಚ್ಚಿತ್ರಗಳ ಪ್ರಸಾರದ ಹಕ್ಕನ್ನು ದೇಶದೇಶಕ್ಕೂ ಬೇರೆಬೇರೆಯಾಗಿ ಮಾರುತ್ತಾರೆ. ಕೊಂಡವನು ತನ್ನ ಗಡಿಯಾಚೆಗೆ ಅದು ತುಳುಕದಂತೆ ನೋಡಿಕೊಳ್ಳಬೇಕಾಗುತ್ತದೆ. ಸ್ಪೇನಿನಲ್ಲಿ ನೆಲೆಸಿದ ಇಂಗ್ಲಿಷರ ಅನುಭವವು ಇದಕ್ಕೆ ನಿದರ್ಶನ. ಬಿ.ಬಿ.ಸಿ.ಯು 2003ರಲ್ಲಿ ತನ್ನ ಉಪಗ್ರಹ ಪ್ರಸಾರದ ಬೀಗವನ್ನು ತೆಗೆದ ಬಳಿಕ, ಅಲ್ಲಿಯವರು ದೊಡ್ಡ ಡಿಶ್ಶುಗಳನ್ನು ನಿಲ್ಲಿಸಿ ತುಳುಕಿದುದನ್ನು ಹಿಡಿದುಕೊಳ್ಳುತ್ತಿದ್ದರು. 2014ರಲ್ಲಿ ಆ ವಾಹಿನಿಗಳು ಬ್ರಿಟನ್ನಿನತ್ತ ಬಿಗಿಯಾಗಿ ಗುರಿಯಿಟ್ಟ ಹೊಸ ಉಪಗ್ರಹಕ್ಕೆ ಸ್ಥಳಾಂತರವಾಗಲು, ದಕ್ಷಿಣದ ಕಡಲತೀರದಲ್ಲಿ ಅನೇಕರ ಪರದೆಗಳು ಬರಿದಾದವು. ಅವರು ಲೈಸೆನ್ಸಿನ ಶುಲ್ಕವನ್ನು ಕೊಡುವವರಲ್ಲವಲ್ಲ ಎಂದು ಹೇಳಬಹುದು. ನಿಜ, ಆದರೆ ಕೊಡುತ್ತೇವೆಂದು ಬಂದರೂ ಕೊಳ್ಳುವುದಕ್ಕೆ ಅಂಗಡಿಯಿಲ್ಲದಿದ್ದರೆ ತಪ್ಪು ಯಾರದು? ಪುಕ್ಕಟೆಯಾಗಿ ಕೊಡೆಂದು ಕೇಳುವುದು ಭಿಕ್ಷೆ. ಬೆಲೆಗೆ ಕೊಡೆಂದು ಕೇಳುವುದು ನ್ಯಾಯ.

ಡಿಶ್ಶಿನ ಕಾಲವು ತೀರುತ್ತ ಬಂದಿತು, ಅಂತರ್ಜಾಲದಲ್ಲಿ ಎಲ್ಲವೂ ದೊರೆಯುವಾಗ ಈ ಚರ್ಚೆಯೇ ಹಳತಾಯಿತು ಎಂದು ಹೇಳುವವರೂ ಉಂಟು. ಅವರು ಬೇಲಿಯು ಹಳತಾಯಿತೆಂದು ತಿಳಿದು, ಕೋಟೆ ಎದ್ದುದನ್ನು ಕಾಣದವರು. ಆಕಾಶದ ಕಿರಣವು ಸ್ವಲ್ಪವಾದರೂ ತುಳುಕುತ್ತಿತ್ತು. ಅಂತರ್ಜಾಲದ ದ್ವಾರಪಾಲಕನು ಬಂದವನ ಊರನ್ನು ಕೇಳಿಯೇ ಬಾಗಿಲನ್ನು ತೆರೆಯುತ್ತಾನೆ. ಐರೋಪ್ಯ ಒಕ್ಕೂಟವು 2017ರಲ್ಲಿ ಮಾಡಿದ ಒಂದು ಶಾಸನವು 2018ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ತನ್ನ ದೇಶದಲ್ಲಿ ಹಣಕೊಟ್ಟು ಅಂತರ್ಜಾಲದ ವಾಹಿನಿಯನ್ನು ಪಡೆದವನು ಒಕ್ಕೂಟದ ಮತ್ತೊಂದು ದೇಶಕ್ಕೆ ಹೋದಾಗಲೂ ಅದನ್ನು ನೋಡಬಹುದೆಂಬುದು ಅದರ ಸಾರ. ಆದರೆ ಆ ವಾಸವು ತಾತ್ಕಾಲಿಕವಾಗಿರಬೇಕು! ವಿಹಾರಕ್ಕೆಂದು ಹತ್ತು ದಿನ ಹೋದವನಿಗೆ ಹುಟ್ಟುನಾಡಿನ ನುಡಿಯುಂಟು. ಹೊಟ್ಟೆಪಾಡಿಗೆಂದು ಹೋಗಿ ನೆಲೆಸಿದವನಿಗೆ ಇಲ್ಲ. ಹಸಿವಿಲ್ಲದವನಿಗೆ ಎಲೆ ಹಾಕಿ, ಹಸಿದವನನ್ನು ಜಗಲಿಯಿಂದಲೇ ಕಳುಹಿಸುವ ಧರ್ಮವಿದು.

ಕನ್ನಡಿಗರಿಗೆ ಇದು ಊರಾಚೆಯ ಕಥೆಯಲ್ಲ. ಕೊಲ್ಲಿಯ ನಾಡುಗಳಲ್ಲಿಯೂ ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಕನ್ನಡದ ಮನೆಗಳಿವೆ. ಅಲ್ಲಿ ಹುಟ್ಟಿದ ಮಗುವು ಶಾಲೆಯಲ್ಲಿ ಒಂದು ಭಾಷೆಯನ್ನೂ ಬೀದಿಯಲ್ಲಿ ಅದನ್ನೇ ಕೇಳಿ ಮನೆಗೆ ಬರುತ್ತದೆ. ತಾಯಿತಂದೆಗಳಿಬ್ಬರ ಬಾಯಿಂದ ಮಾತ್ರ ಕೇಳಿದ ಭಾಷೆಯು ಊಟ ನಿದ್ರೆಗಳ ಭಾಷೆಯಾಗಿ ಉಳಿಯುವುದು. ಮುದುಕನು ಗೊಣಗುವ ಕನ್ನಡ, ಸಂತೆಯವಳು ಚೌಕಾಸಿ ಮಾಡುವ ಕನ್ನಡ, ವಕೀಲನು ವಾದಿಸುವ ಕನ್ನಡ ಇವು ಆ ಮಗುವಿನ ಕಿವಿಗೆ ಬೀಳುವುದು ಬಹುಮಟ್ಟಿಗೆ ಪರದೆಯಿಂದಲೇ. ಆ ಪರದೆಯನ್ನು ಕರಾರಿನ ಹೆಸರಿನಲ್ಲಿ ಆರಿಸಿದರೆ ಮುಂದಿನ ತಲೆಮಾರಿಗೆ ಊರಿನ ಅಜ್ಜಿಯೊಡನೆ ಮಾತನಾಡಲು ದುಭಾಷಿ ಬೇಕಾದೀತು.

ಆದುದರಿಂದ ಕೇಳತಕ್ಕುದು ಮೂರೇ ಮಾತು. ಸುರಕ್ಷಿತವಾಗಿ ಕಟ್ಟಿದ ಡಿಶ್ಶನ್ನು ಬಾಡಿಗೆಯ ಕರಾರು ತಡೆಯಕೂಡದು. ನೆಲೆಸಲು ಹೋದವನಿಗೂ ವಿಹಾರಕ್ಕೆ ಹೋದವನಿಗೂ ಶಾಸನವು ಒಂದೇ ಆಗಿರಬೇಕು. ಪ್ರಸಾರದ ಹಕ್ಕನ್ನು ಮಾರುವವರು ಹೊರನಾಡಿನ ತಮ್ಮ ಜನಕ್ಕೂ ಯೋಗ್ಯ ಬೆಲೆಗೆ ಒಂದು ಬಾಗಿಲನ್ನು ಇರಿಸಬೇಕು. ಇದನ್ನು ಕನ್ನಡಿಗರು ಪರದೇಶದವರಿಂದ ಕೇಳುವುದಾದರೆ, ಕನ್ನಡ ನಾಡಿನ ಬಾಡಿಗೆಮನೆಯಲ್ಲಿರುವ ಪರಭಾಷೆಯವನಿಗೂ ಮಾಳಿಗೆಯ ಮೇಲೆ ಒಂದು ಗೇಣು ಸ್ಥಳವನ್ನು ಸಂತೋಷದಿಂದ ಬಿಟ್ಟುಕೊಡತಕ್ಕದ್ದು. ಕೊಡುವ ಕೈಗೆ ಕೇಳುವ ಅಧಿಕಾರವುಂಟು.