ಯಾರಿಗೆ ಅಂತ ಹೇಳಿದೆಯೇನೋ?

ಹೋದ ತಿಂಗಳ ಒಂದು ಸೋಮವಾರ. ಮೊದಲ ಪೀರಿಯಡ್ಡಿಗೆ ನಮ್ಮ ಎಂಟನೇ ತರಗತಿಯ ಹುಡುಗನೊಬ್ಬ ತಡವಾಗಿ ಬಂದ. ಕಣ್ಣು ಕೆಂಪಗಿತ್ತು. ರಾತ್ರಿ ನಿದ್ದೆಗೆಟ್ಟಿದ್ದಾನೆಂದು ನೋಡಿದರೇ ತಿಳಿಯುತ್ತಿತ್ತು. ಪಾಠ ಮುಗಿದ ಮೇಲೆ ಕರೆದು ವಿಚಾರಿಸಿದೆ. ಅವನು ಹೇಳಿದ್ದು ಇಷ್ಟು.

ಅಪ್ಪ, ಅಮ್ಮ ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು. ಮನೆಯಲ್ಲಿ ಇವನು, ನಾಲ್ಕು ವರ್ಷದ ತಂಗಿ ಮತ್ತು ಅಜ್ಜಿ. ರಾತ್ರಿ ಹನ್ನೊಂದರ ಹೊತ್ತಿಗೆ ತಂಗಿಯ ಮೈ ಕಾದ ಹೆಂಚಿನಂತಾಯಿತು. ಅಮ್ಮನಿಗೆ ಫೋನು ಮಾಡಿದರೆ ಸಿಗಲಿಲ್ಲ. ಹುಡುಗ ಚುರುಕಿನವನು. ಕೈಯಲ್ಲಿದ್ದ ಮೊಬೈಲನ್ನೇ ಕೇಳಿದ: “ಜ್ವರಕ್ಕೆ ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು?” ಮೊಬೈಲು ಸ್ವಲ್ಪವೂ ತಡವರಿಸದೆ, ಇಷ್ಟು ಮಿಲಿಗ್ರಾಂ, ದಿನಕ್ಕೆ ಇಷ್ಟು ಸಲ ಎಂದು ಸ್ಪಷ್ಟವಾಗಿ ಹೇಳಿತು. ಇವನು ಡಬ್ಬಿಯಿಂದ ಮಾತ್ರೆ ತೆಗೆದು, ನೀರಿನ ಲೋಟ ಹಿಡಿದು ಹಾಸಿಗೆಯ ಹತ್ತಿರ ಬಂದ. ಆಗ ಅಜ್ಜಿ ಕೇಳಿದರು: “ಯಾರಿಗೆ ಅಂತ ಹೇಳಿದೆಯೇನೋ?”

ಹೇಳಿರಲಿಲ್ಲ. ಮೊಬೈಲು ಹೇಳಿದ್ದು ದೊಡ್ಡವರಿಗೆ ಕೊಡುವ ಪ್ರಮಾಣವನ್ನು.

ಅಜ್ಜಿ ಆ ಮಾತ್ರೆಯನ್ನು ಪಕ್ಕಕ್ಕಿಡಿಸಿ, ಅದೇ ಬೀದಿಯಲ್ಲಿರುವ ನಿವೃತ್ತ ನರ್ಸಮ್ಮನನ್ನು ಕರೆತರಲು ಕಳಿಸಿದರು. ಆಕೆ ಬಂದವರು ಔಷಧದ ಮಾತು ಎತ್ತಲೇ ಇಲ್ಲ. ಮೊದಲು ಪ್ರಶ್ನೆಗಳನ್ನು ಕೇಳಿದರು. ಮಗುವಿಗೆ ವಯಸ್ಸೆಷ್ಟು? ತೂಕ ಎಷ್ಟು? ಜ್ವರ ಯಾವಾಗಿನಿಂದ? ಸಂಜೆ ಏನಾದರೂ ಔಷಧ ಕೊಟ್ಟಿದ್ದೀರಾ? ಮನೆಯಲ್ಲಿರುವ ಸಿರಪ್ಪಿನ ಬಾಟಲಿ ಎಲ್ಲಿ, ಅದರ ಮೇಲೆ ಏನು ಬರೆದಿದೆ? ಆಮೇಲೆ ಪರಿಚಯದ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಷ್ಟನ್ನು ಅಳೆದು ಕುಡಿಸಿದರು. ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು.

ಎಲ್ಲವನ್ನೂ ಹೇಳಿ ಹುಡುಗ ಕೇಳಿದ: “ಹಾಗಾದರೆ ಮೊಬೈಲು ಸುಳ್ಳು ಹೇಳಿತಾ ಸಾರ್?”

ಒಳ್ಳೆಯ ಪ್ರಶ್ನೆ. ಮೊಬೈಲು ಸುಳ್ಳು ಹೇಳಲಿಲ್ಲ. ಅದು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು, ಆದರೆ ಅದು ಬೇರೊಂದು ಪ್ರಶ್ನೆಯ ಉತ್ತರ. ಇವನ ಪ್ರಶ್ನೆಯಲ್ಲಿ “ಯಾರಿಗೆ” ಎಂಬುದು ಇರಲಿಲ್ಲ. ಆ ಖಾಲಿ ಜಾಗವನ್ನು ಯಂತ್ರ ತಾನೇ ತುಂಬಿಕೊಂಡಿತು. ತುಂಬಿಕೊಂಡೆ ಎಂದು ಇವನಿಗೆ ತಿಳಿಯುವಂತೆ ಹೇಳಲಿಲ್ಲ. ಮಕ್ಕಳಿಗೆ ಈ ಔಷಧವನ್ನು ತೂಕ ನೋಡಿ ನಿರ್ಧರಿಸುತ್ತಾರೆ. ಅಷ್ಟೇ ಅಲ್ಲ, ಒಂದೇ ಔಷಧದ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಮಿಲಿಗ್ರಾಂ ಇರುವುದೂ ಉಂಟು. ನರ್ಸಮ್ಮ ಬಾಟಲಿ ಕೇಳಿದ್ದು ಅದಕ್ಕೇ.

ಮಾತಾಡುವ ಯಂತ್ರಗಳು ಈಗ ಮನೆಮನೆಯಲ್ಲಿವೆ. ಆಪಲ್ ಕಂಪನಿಯ ‘ಸಿರಿ’ ಐಫೋನಿನೊಳಗೆ ಬಂದದ್ದು 2011ರಲ್ಲಿ. ಅಮೆಜಾನ್‌ನ ‘ಅಲೆಕ್ಸಾ’ 2014ರಲ್ಲಿ, ‘ಗೂಗಲ್ ಅಸಿಸ್ಟೆಂಟ್’ 2016ರಲ್ಲಿ ಬಂದವು. ಇವು ನಮ್ಮ ಪ್ರಶ್ನೆಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತವೆ ಎಂಬುದನ್ನು ನೋಡೋಣ.

ನಾವು ಮಾತಾಡಿದಾಗ ಗಾಳಿಯಲ್ಲಿ ಎದ್ದ ಅಲೆಗಳನ್ನು ಮೈಕ್ ವಿದ್ಯುತ್ ಸಂಕೇತಗಳಾಗಿ ಬದಲಾಯಿಸುತ್ತದೆ. ಕಂಪ್ಯೂಟರ್ ಆ ಸಂಕೇತಗಳನ್ನು ಅಕ್ಷರಗಳಾಗಿ ಬರೆದುಕೊಳ್ಳುತ್ತದೆ. ತೊಡಕು ಇಲ್ಲಿಂದಲೇ ಶುರು. “ಹತ್ತು” ಎಂದರೆ ಸಂಖ್ಯೆಯೋ, ಮರ ಹತ್ತುವುದೋ? “ಕಾಲು” ಎಂದರೆ ನಡೆಯುವ ಕಾಲೋ, ಕಾಲು ಕೆ.ಜಿ.ಯ ಕಾಲೋ? ಅಕ್ಕಪಕ್ಕದ ಪದಗಳನ್ನು ನೋಡಿ ಯಂತ್ರ ಇದನ್ನು ಊಹಿಸಬೇಕು.

ಮುಂದಿನ ಹೆಜ್ಜೆ, ಕೇಳುವವನಿಗೆ ಏನು ಬೇಕಾಗಿದೆ ಎಂದು ಕಂಡುಹಿಡಿಯುವುದು. ಈ ಬಗೆಯ ಯಂತ್ರಗಳಲ್ಲಿ ಬಹುಕಾಲ ನಡೆದುಬಂದ ಕ್ರಮವನ್ನು ತಿಳಿಯಲು ರೈಲ್ವೆ ರಿಸರ್ವೇಶನ್ ಫಾರಂ ನೆನಪಿಸಿಕೊಳ್ಳಿ. ಎಲ್ಲಿಂದ, ಎಲ್ಲಿಗೆ, ಯಾವ ತಾರೀಖು, ಯಾವ ದರ್ಜೆ ಎಂದು ಅದರಲ್ಲಿ ಖಾಲಿ ಮನೆಗಳಿರುತ್ತವೆ. ಯಂತ್ರದ ಬಳಿಯೂ ಇಂಥ ಫಾರಂಗಳಿವೆ. ಅಲಾರಂ ಇಡಲು ಒಂದು, ಹವಾಮಾನಕ್ಕೆ ಒಂದು, ಹಾಡು ಹಾಕಲು ಇನ್ನೊಂದು. ನಮ್ಮ ಮಾತನ್ನು ಕೇಳಿ ಯಾವ ಫಾರಂ ಎಂದು ಆರಿಸುತ್ತದೆ, ನಾವು ಹೇಳಿದ ಪದಗಳನ್ನು ಖಾಲಿ ಮನೆಗಳಲ್ಲಿ ತುಂಬುತ್ತದೆ.

ಒಂದು ಮನೆ ಖಾಲಿ ಉಳಿದರೆ? ಕೌಂಟರಿನ ಗುಮಾಸ್ತರು ಫಾರಂ ಹಿಂದಕ್ಕೆ ತಳ್ಳಿ “ತಾರೀಖು ಬರೀರಿ” ಎನ್ನುತ್ತಾರೆ. ಯಂತ್ರವೂ ಕೆಲವು ಸಲ ಹಾಗೆ ಮಾಡುತ್ತದೆ. “ಅಲಾರಂ ಇಡು” ಎಂದಷ್ಟೇ ಹೇಳಿ ನೋಡಿ, “ಎಷ್ಟು ಗಂಟೆಗೆ?” ಎಂದು ಕೇಳುತ್ತದೆ. ಆದರೆ ಬಹಳ ಸಲ ಕೇಳುವುದಿಲ್ಲ, ಊಹಿಸುತ್ತದೆ. “ಮಳೆ ಬರುತ್ತಾ?” ಎಂದರೆ ನೀವಿರುವ ಊರನ್ನೂ ಇಂದಿನ ದಿನವನ್ನೂ ತಾನೇ ಹಾಕಿಕೊಳ್ಳುತ್ತದೆ. “ಜೋಗ ಜಲಪಾತದ ಎತ್ತರ ಎಷ್ಟು?” ಎಂದು ಕೇಳಿ, 253 ಮೀಟರ್ ಎಂಬ ಉತ್ತರ ಬಂದ ಮೇಲೆ “ಅಲ್ಲಿಗೆ ಹೋಗೋದು ಹೇಗೆ?” ಎಂದರೆ, “ಅಲ್ಲಿಗೆ” ಎಂದರೆ ಜೋಗಕ್ಕೆ ಎಂದು ಹಿಂದಿನ ಮಾತಿನಿಂದ ತಿಳಿಯಬೇಕು. ಮೊದಮೊದಲ ಯಂತ್ರಗಳು ಇಲ್ಲೇ ಎಡವುತ್ತಿದ್ದವು, ಹಿಂದಿನ ಮಾತನ್ನು ಮರೆತುಬಿಡುತ್ತಿದ್ದವು.

ಈ ಊಹೆಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇರುತ್ತವೆ. ಸರಿಯಾಗಿರುವುದರಿಂದಲೇ ನಾವು ಅವನ್ನು ಗಮನಿಸುವುದಿಲ್ಲ. ಆದರೆ “ಸಾಗರದಲ್ಲಿ ನಾಳೆ ಮಳೆ ಇದೆಯಾ?” ಎಂದು ಕೇಳಿದಿರಿ ಎನ್ನಿ. ಶಿವಮೊಗ್ಗ ಜಿಲ್ಲೆಯ ಸಾಗರವೋ, ಮಧ್ಯಪ್ರದೇಶದ ಸಾಗರವೋ, ಇಲ್ಲಾ ಸಮುದ್ರವೋ? ಪರದೆಯ ಮೇಲೆ ಹುಡುಕಿದರೆ ಹತ್ತು ಉತ್ತರ ಒಟ್ಟಿಗೆ ಕಾಣುತ್ತವೆ, ನಾವೇ ನೋಡಿ ಆರಿಸಿಕೊಳ್ಳುತ್ತೇವೆ. ದನಿಯಲ್ಲಿ ಹಾಗಾಗದು. ಹತ್ತು ಉತ್ತರಗಳನ್ನು ಓದುತ್ತಾ ಕುಳಿತರೆ ಕೇಳುವ ತಾಳ್ಮೆ ಯಾರಿಗಿದೆ? ಮಾತುಮಾತಿಗೆ ಮರುಪ್ರಶ್ನೆ ಹಾಕಿದರೂ ನಮಗೆ ಬೇಸರ. ಹೀಗಾಗಿ ಇಂಥ ಯಂತ್ರಗಳು ಸಾಮಾನ್ಯವಾಗಿ ಒಂದನ್ನು ಆರಿಸಿ, ಅದೊಂದನ್ನೇ ಹೇಳುತ್ತವೆ. ಉಳಿದವು ಇದ್ದವೆಂದೇ ನಮಗೆ ಗೊತ್ತಾಗುವುದಿಲ್ಲ.

ಮರುಪ್ರಶ್ನೆ ಕೇಳುವುದು ಯಂತ್ರಕ್ಕೆ ಸಾಧ್ಯವೇ ಇಲ್ಲವೆಂದಲ್ಲ. ಅರ್ಧ ಶತಮಾನಕ್ಕೂ ಹಿಂದೆಯೇ ಅದನ್ನು ಮಾಡಿ ತೋರಿಸಿದ್ದಾರೆ. 1968ರಿಂದ 1970ರವರೆಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ಟೆರಿ ವಿನೋಗ್ರಾಡ್ ಎಂಬ ಯುವ ಸಂಶೋಧಕ ‘ಶ್ರಡ್ಲೂ’ ಎಂಬ ಪ್ರೋಗ್ರಾಂ ಬರೆದ. ಕಂಪ್ಯೂಟರಿನೊಳಗೆ ಒಂದು ಕಾಲ್ಪನಿಕ ಮೇಜು. ಅದರ ಮೇಲೆ ಬಣ್ಣಬಣ್ಣದ ಇಟ್ಟಿಗೆಗಳು, ಪಿರಮಿಡ್ಡುಗಳು, ಒಂದು ಪೆಟ್ಟಿಗೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿ ಅಪ್ಪಣೆ ಕೊಟ್ಟರೆ ಶ್ರಡ್ಲೂ ಅವನ್ನು ಎತ್ತಿ ಇಡುತ್ತಿತ್ತು. ಪಿರಮಿಡ್ಡನ್ನು ಹಿಡಿದುಕೋ ಎಂದಾಗ ಅದು ಸುಮ್ಮನೆ ಯಾವುದೋ ಒಂದನ್ನು ಹಿಡಿಯಲಿಲ್ಲ. ಯಾವ ಪಿರಮಿಡ್ಡು ಎಂದು ಅರ್ಥವಾಗಲಿಲ್ಲ ಎಂದಿತು. ಇನ್ನೊಂದು ಸಲ, ನೀನು ಹಿಡಿದಿರುವುದಕ್ಕಿಂತ ಎತ್ತರದ ಇಟ್ಟಿಗೆಯನ್ನು ಹುಡುಕಿ ಅದನ್ನು ಪೆಟ್ಟಿಗೆಗೆ ಹಾಕು ಎಂದಾಗ, “ಅದನ್ನು” ಎಂದರೆ ಎತ್ತರದ ಇಟ್ಟಿಗೆ ಎಂದು ಭಾವಿಸಿದ್ದೇನೆ ಎಂದು ಮೊದಲು ತಿಳಿಸಿ, ಆಮೇಲೆ ಕೆಲಸ ಮಾಡಿತು.

ಗೊತ್ತಾಗದಿದ್ದರೆ ಕೇಳಬೇಕು. ಊಹಿಸಿದರೆ, ಊಹಿಸಿದ್ದೇನೆ ಎಂದು ಹೇಳಬೇಕು. ಶ್ರಡ್ಲೂ ಎರಡನ್ನೂ ಮಾಡಿತು. ಆದರೆ ಅದರ ಪ್ರಪಂಚ ಒಂದು ಮೇಜಿನಷ್ಟೇ ದೊಡ್ಡದು. ಮೇಜಿನ ಮೇಲೆ ಏನಿದೆ ಎಂಬುದೆಲ್ಲ ಅದಕ್ಕೆ ಗೊತ್ತಿತ್ತು. ನಮ್ಮ ಮನೆಯ ಹಾಸಿಗೆಯ ಮೇಲೆ ಮಲಗಿರುವುದು ನಾಲ್ಕು ವರ್ಷದ ಮಗು ಎಂದು ಮೊಬೈಲಿಗೆ ಹೇಗೆ ಗೊತ್ತಾಗಬೇಕು?

ಇದು ಸಣ್ಣ ವಿಷಯವಲ್ಲ. 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಆಟವಾಡುತ್ತಾ, ತನಗೆ ಏನಾದರೂ ಸವಾಲು ಕೊಡು ಎಂದು ಅಲೆಕ್ಸಾವನ್ನು ಕೇಳಿದಳು. ಅವಳು ಬಯಸಿದ್ದು ಕುಣಿಯುವ, ನೆಗೆಯುವಂಥದ್ದನ್ನು. ಯಂತ್ರ ಇಂಟರ್‌ನೆಟ್ಟಿನಿಂದ ಹುಡುಕಿ ತೆಗೆದದ್ದು ವಿದ್ಯುತ್ ಪ್ಲಗ್ಗಿನ ಜೊತೆ ಆಡುವ ಪ್ರಾಣಾಂತಿಕ ಸವಾಲನ್ನು. ಪುಣ್ಯಕ್ಕೆ ತಾಯಿ ಅಲ್ಲೇ ಇದ್ದರು. ವಿಷಯ ತಿಳಿದ ಕೂಡಲೇ ತಪ್ಪನ್ನು ಸರಿಪಡಿಸಿದ್ದಾಗಿ ಕಂಪನಿ ಹೇಳಿತು. “ಸವಾಲು” ಎಂಬ ಪದ ಯಂತ್ರಕ್ಕೆ ಕೇಳಿಸಿತ್ತು, ಕೇಳುತ್ತಿರುವುದು ಮಗು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಇನ್ನೊಂದು ಉದಾಹರಣೆ. ಅಮೆರಿಕದ ಸಂಶೋಧಕರು 54 ಮಂದಿಯಿಂದ ಸಿರಿ, ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್‌ಗಳಿಗೆ ಆರೋಗ್ಯದ ಪ್ರಶ್ನೆಗಳನ್ನು ಕೇಳಿಸಿ, ಆ ಉತ್ತರ ನಂಬಿ ಏನು ಮಾಡುತ್ತೀರಿ ಎಂದು ವಿಚಾರಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಜನ ಹೇಳಿದ 168 ತೀರ್ಮಾನಗಳಲ್ಲಿ 49 ರೋಗಿಗೆ ಹಾನಿ ಮಾಡುವಂಥವು, ಅವುಗಳಲ್ಲಿ 27 ಜೀವಕ್ಕೇ ಎರವಾಗುವಂಥವು. ಯಂತ್ರದ ತಪ್ಪುಗಳ ಜೊತೆಗೆ, ಕೇಳಿದವರು ವಿವರವನ್ನೆಲ್ಲ ಹೇಳದೆ ಅರೆಬರೆ ಪ್ರಶ್ನೆ ಕೇಳಿದ್ದೂ ಇದಕ್ಕೆ ಕಾರಣವಾಗಿತ್ತು.

ಈಚಿನ ವರ್ಷಗಳಲ್ಲಿ ಇವುಗಳಿಗಿಂತ ಜಾಣ ಯಂತ್ರಗಳು ಬಂದಿವೆ. 2024ರ ಜೂನ್‌ನಲ್ಲಿ ಗೂಗಲ್ಲಿನ ‘ಜೆಮಿನಿ’ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. ಇಂಥವು ಉದ್ದನೆಯ ಮಾತುಕತೆಯ ಹಿಂದುಮುಂದನ್ನು ನೆನಪಿಟ್ಟುಕೊಳ್ಳುತ್ತವೆ. “ಇನ್ನೇನಾದರೂ ವಿವರ ಬೇಕಿದ್ದರೆ ಮೊದಲು ನನ್ನನ್ನು ಕೇಳು” ಎಂದರೆ ಕೇಳುತ್ತವೆ ಕೂಡ. ಆದರೆ ಇವು ಕೆಲಸ ಮಾಡುವುದೂ, ಓದಿದ ಅಪಾರ ಬರಹಗಳ ಆಧಾರದ ಮೇಲೆ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತಲೇ. ಊಹೆ ತಪ್ಪಿದಾಗಲೂ ದನಿಯಲ್ಲಿ ಅಳುಕಿರುವುದಿಲ್ಲ.

ಸರಿ, ಇದಕ್ಕೂ ನಮ್ಮ ವಿಜ್ಞಾನದ ಪಾಠಕ್ಕೂ ಏನು ಸಂಬಂಧ ಎಂದಿರಾ? ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ? ನೂರು ಡಿಗ್ರಿ ಸೆಲ್ಸಿಯಸ್ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಆದರೆ ಅದು ಸಮುದ್ರಮಟ್ಟದ ವಾಯುಭಾರದಲ್ಲಿ, ಅಂದರೆ ಮಂಗಳೂರಿನ ಕಡಲ ದಂಡೆಯಲ್ಲಿ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಹತ್ತಿರ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ರ ಸುಮಾರಿಗೆ. ಕುಕ್ಕರಿನೊಳಗೆ ನೂರನ್ನೂ ದಾಟುತ್ತದೆ. “ಎಲ್ಲಿ?” ಎಂದು ಹೇಳದೆ ಕೇಳಿದ ಪ್ರಶ್ನೆಗೆ ನಾವೂ ಮೊಬೈಲಿನಂತೆಯೇ ಖಾಲಿ ಜಾಗ ತುಂಬಿ ಉತ್ತರಿಸುತ್ತಿದ್ದೇವೆ.

ಇಲ್ಲೊಂದು ತಪ್ಪೊಪ್ಪಿಗೆಯಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಪ್ರಶ್ನೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು “ಎಲ್ಲಿ ಸಾರ್?” ಎಂದಿದ್ದಳು. ಮಕ್ಕಳೆಲ್ಲ ನಕ್ಕರು. ಸಿಲೆಬಸ್ ಮುಗಿಸುವ ಅವಸರದಲ್ಲಿದ್ದ ನಾನು “ಅಧಿಕಪ್ರಸಂಗ ಬೇಡ, ಕೂತ್ಕೋ” ಎಂದುಬಿಟ್ಟೆ. ಆ ವರ್ಷವೆಲ್ಲ ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ. ಅಂದು ಆ ತರಗತಿಯಲ್ಲಿ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ತಂದೆತಾಯಿಯರಲ್ಲಿ ನನ್ನ ವಿನಂತಿ ಇದು. ಮಗು “ಯಾವುದು?”, “ಯಾರಿಗೆ?”, “ಯಾವಾಗ?” ಎಂದು ಮರುಪ್ರಶ್ನೆ ಹಾಕಿದರೆ ಎದುರುತ್ತರ ಎಂದು ಗದರಬೇಡಿ. ಥಟ್ಟನೆ ಉತ್ತರ ಹೇಳುವುದನ್ನು ಈಗ ಯಂತ್ರವೂ ಮಾಡುತ್ತದೆ. ಉತ್ತರ ಹೇಳುವ ಮುಂಚೆ ನಿಂತು ವಿಚಾರಿಸುವುದನ್ನು ಮನೆಯಲ್ಲೂ ಶಾಲೆಯಲ್ಲೂ ನಾವೇ ಕಲಿಸಬೇಕು. ಔಷಧದ ವಿಷಯಕ್ಕಂತೂ ಮೊಬೈಲಿನ ಮಾತು ಕೇಳಿ ಮಾತ್ರೆ ಕೊಡುವ ಅಭ್ಯಾಸ ಬೇಡವೇ ಬೇಡ. ಡಾಕ್ಟರ ನಂಬರನ್ನು ಗೋಡೆಯ ಮೇಲೆ ಬರೆದಿಡಿ, ಮಕ್ಕಳಿಗೂ ತೋರಿಸಿಡಿ.

ವಿದ್ಯಾರ್ಥಿಗಳೇ, ನಿಮಗೆ ಒಂದು ಮನೆಗೆಲಸ. ಕೆಳಗಿನ ಮೂರು ಪ್ರಶ್ನೆಗಳನ್ನು ಮನೆಯಲ್ಲಿ ಮೊಬೈಲಿಗೂ ಕೇಳಿ, ಹಿರಿಯರೊಬ್ಬರಿಗೂ ಕೇಳಿ. ಶಬ್ದದ ವೇಗ ಎಷ್ಟು? ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ? ಒಂದು ಲೋಟದಲ್ಲಿ ಎಷ್ಟು ಸಕ್ಕರೆ ಕರಗುತ್ತದೆ? ಉತ್ತರಗಳನ್ನು ಬರೆಯಬೇಡಿ. ಪ್ರತಿ ಪ್ರಶ್ನೆಯಲ್ಲೂ ಬಿಟ್ಟುಹೋದದ್ದು ಏನು, ಅದನ್ನು ಯಾರು ತಾವಾಗಿ ತುಂಬಿಕೊಂಡರು, ಯಾರು ನಿಮ್ಮನ್ನು ತಿರುಗಿ ಕೇಳಿದರು ಎಂಬುದನ್ನಷ್ಟೇ ಬರೆಯಿರಿ. ನಮ್ಮ ತರಗತಿಯಲ್ಲೂ ಇದೇ ಮನೆಗೆಲಸ ಕೊಟ್ಟಿದ್ದೇನೆ. ಆ ಹುಡುಗ ಮೂರನ್ನೂ ಅಜ್ಜಿಗೇ ಕೇಳುತ್ತಾನಂತೆ.